ಬೆಳಗಿನ ಜಾವ ದೇಹದಿಂದ ಹೊರಬಂದು ತೇಲಿದಂತೆ ಆಗುವುದೇಕೆ?

ಆತ್ಮವೇನೂ ಹೊರಗೆ ಹೋಗಿರುವುದಿಲ್ಲ. ಕನಸು ಬೀಳುವ ಆರ್‌ಇಎಂ ನಿದ್ದೆಯಲ್ಲಿ ಕಣ್ಣು, ಉಸಿರಾಟದ ಸ್ನಾಯು ಬಿಟ್ಟರೆ ಮೈ ಅಲುಗಾಡದು. ಆಗ ಅರಿವು ಮಾತ್ರ ಎಚ್ಚೆತ್ತರೆ ಮೈ ಎಲ್ಲಿದೆ ಎಂಬ ಲೆಕ್ಕ ಮಿದುಳಿಗೆ ತಪ್ಪುತ್ತದೆ: ಕಿವಿಯಲ್ಲಿ ಗುಂಯ್, ಮೈಯಲ್ಲಿ ಕಂಪನ, ಆಮೇಲೆ ತೇಲಾಟ. 2002ರಲ್ಲಿ ನರವಿಜ್ಞಾನಿ ಓಲಾಫ್ ಬ್ಲಾಂಕೆ ತಂಡ ಅಪಸ್ಮಾರದ ರೋಗಿಯೊಬ್ಬರ ಮಿದುಳಿನ ಬಲಗಡೆಯ ಆಂಗ್ಯುಲರ್ ಗೈರಸ್ ಎಂಬ ಭಾಗಕ್ಕೆ ವಿದ್ಯುತ್ ಹಾಯಿಸಿದಾಗ, ಆಕೆಗೆ ಮೇಲಿನಿಂದ ಹಾಸಿಗೆಯಲ್ಲಿದ್ದ ತನ್ನದೇ ಕಾಲು, ಸೊಂಟ ಕಂಡವು. ಅಷ್ಟೇ, ಪೂರ್ತಿ ದೇಹವಲ್ಲ!

ಹೆದರಿ ಏಳಲು ಒದ್ದಾಡಿದರೆ ಎದೆ ಇನ್ನೂ ಬಿಗಿದಂತಾಗುತ್ತದೆ. ಕಣ್ಣುಗುಡ್ಡೆ ಎಡಬಲ ಹೊರಳಿಸಿ, ಕಾಲ್ಬೆರಳು ಆಡಿಸಲು ನೋಡಿ. ಅಂಗಾತ ಮಲಗುವವರಿಗೆ ಇದು ಹೆಚ್ಚು, ಹಾಗಾಗಿ ಮಗ್ಗುಲಾಗಿ ಮಲಗಿ. ಈ ಅನುಭವವನ್ನು ಬೇಕೆಂದೇ ತರಿಸಿಕೊಳ್ಳುವವರು ಐದು ಗಂಟೆ ನಿದ್ದೆಯ ಬಳಿಕ ಎದ್ದು, ಅರ್ಧ ಗಂಟೆ ಕೂತು ಮತ್ತೆ ಮಲಗುತ್ತಾರೆ. ದಿನಾ ಮಾಡಿದರೆ ನಿದ್ದೆಯೇ ಕೆಡುತ್ತದೆ.