ಲಾಳ ಸವೆದಿಲ್ಲ, ಆದರೂ ಬಿಚ್ಚಿಸಬೇಕೆ?

(ಕುದುರೆಗಳ ಗೊರಸು, ಲಾಳದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಲಾಳ ಕಟ್ಟುವ ಕಸುಬಿನವರೊಬ್ಬರ ಉತ್ತರ)

ಪ್ರಶ್ನೆ: ನಮ್ಮ ಹೆಣ್ಣು ಕುದುರೆಗೆ ಲಾಳ ಕಟ್ಟಿಸಿ ಮೂರು ತಿಂಗಳಾಯಿತು. ಕಬ್ಬಿಣ ಇನ್ನೂ ದಪ್ಪಗಿದೆ, ಒಂದು ಮೊಳೆಯೂ ಸಡಿಲಾಗಿಲ್ಲ. ಆದರೂ ಬಿಚ್ಚಿಸಬೇಕೆ?

ಉತ್ತರ: ಬಿಚ್ಚಿಸಿ, ಈ ವಾರವೇ. ನೀವು ಕಬ್ಬಿಣ ನೋಡಿದ್ದೀರಿ, ಗೊರಸು ನೋಡಿಲ್ಲ. ನಮ್ಮ ಉಗುರಿನಂತೆ ಅದೂ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್. ಬರಿಗಾಲಲ್ಲಿ ನಡೆದಾಡುವ ಕುದುರೆಗೆ ನೆಲವೇ ಅದನ್ನು ಸವೆಸುತ್ತದೆ. ಲಾಳ ಕಟ್ಟಿದ ಮೇಲೆ ಸವೆಯುವುದು ಕಬ್ಬಿಣ ಮಾತ್ರ. ಗೊರಸಿನ ತುದಿ ಮುಂದಕ್ಕೆ ಚಾಚಿಕೊಳ್ಳುತ್ತಾ ಲಾಳವನ್ನೂ ಜೊತೆಗೆ ಎಳೆದೊಯ್ಯುತ್ತದೆ. ಆಗ ಲಾಳದ ಹಿಂಬದಿಯ ಎರಡು ತುದಿಗಳು ಗೊರಸಿನ ಗೋಡೆಯ (ಸುತ್ತಲಿನ ಗಟ್ಟಿ ಹೊರಭಾಗ) ಮೇಲೆ ಕೂರುವ ಬದಲು ಒಳಕ್ಕೆ ಸರಿದು, ಹಿಮ್ಮಡಿಯ ಮೂಲೆಯಲ್ಲಿ ಅಂಗಾಲನ್ನು ಒತ್ತುತ್ತವೆ. ಹೀಗೆ ಬಿಟ್ಟ ಲಾಳ ಬಿಚ್ಚಿದಾಗ ಆ ಮೂಲೆಗಳಲ್ಲಿ ಕೆಂಪಗೆ ರಕ್ತ ಹೆಪ್ಪುಗಟ್ಟಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಉದ್ದವಾದ ತುದಿಯನ್ನು ದಾಟಿ ಕಾಲೆತ್ತಲು ಪ್ರತಿ ಹೆಜ್ಜೆಗೂ ಹೆಚ್ಚು ಬಲ ಬೇಕು. ಕಾಲಿನ ಹಿಂಬದಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಆ ಎಳೆತ ತಿನ್ನುತ್ತದೆ.

ಆರರಿಂದ ಎಂಟು ವಾರಕ್ಕೊಮ್ಮೆ ಬಿಚ್ಚಿಸಿ, ಗೊರಸು ಕತ್ತರಿಸಿ ಅರ ಹಾಕಿಸಿ. ಕಬ್ಬಿಣ ದಪ್ಪಗಿದ್ದರೆ ಅದೇ ಲಾಳವನ್ನು ಮತ್ತೆ ಕಟ್ಟಬಹುದು. ಹೊಸದೇ ಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ: ಲಾಳ ಕಟ್ಟುವಾಗ ನನ್ನ ಮಗಳು ಕಣ್ಣು ಮುಚ್ಚಿಕೊಳ್ಳುತ್ತಾಳೆ. ಬಿಸಿ ಲಾಳ ಇಟ್ಟಾಗ ಹೊಗೆ ಏಳುತ್ತದೆ, ಮೇಲೆ ಮೊಳೆ ಬೇರೆ. ಕುದುರೆಗೆ ನೋವಾಗುವುದಿಲ್ಲವೇ?

ಉತ್ತರ: ಕೈ ಸರಿಯಾಗಿದ್ದರೆ ನೋವಾಗುವುದಿಲ್ಲ. ಸುಡುವುದು ಗೊರಸಿನ ಜೀವವಿಲ್ಲದ ಹೊರಪದರ. ವಾಸನೆ ಕೂದಲು ಸುಟ್ಟಂತೆಯೇ ಇರುತ್ತದೆ, ಏಕೆಂದರೆ ಎರಡೂ ಒಂದೇ ವಸ್ತು, ಕೆರಾಟಿನ್. ಕೆಲವೇ ಕ್ಷಣ ಇಟ್ಟು ತೆಗೆಯಬೇಕು, ಅಷ್ಟೇ.

ಮೊಳೆಯ ವಿಷಯ ಇನ್ನೂ ಸೂಕ್ಷ್ಮ. ಮುಂದಿನ ಸಲ ಮಗಳಿಗೆ ಗೊರಸಿನ ಅಡಿ ತೋರಿಸಿ. ಗೋಡೆಯೂ ಅಂಗಾಲೂ ಸೇರುವಲ್ಲಿ ತೆಳ್ಳನೆಯ ತಿಳಿಬಣ್ಣದ ಗೆರೆಯಿದೆ. ಮೊಳೆ ಆ ಗೆರೆಯ ಮೇಲೆ ಅಥವಾ ಅದರ ಹೊರಗೇ ಇಳಿಯಬೇಕು. ಗೆರೆಯ ಒಳಗೆ ಜೀವವಿದೆ. ಮೊಳೆಯ ಮೊನೆಯನ್ನು ಒಂದೇ ಬದಿಯಲ್ಲಿ ಓರೆ ಮಾಡಿರುತ್ತಾರೆ, ಹಾಗಾಗಿ ಹೊಡೆದಂತೆ ಅದು ಹೊರಕ್ಕೆ ಬಾಗಿ ಗೋಡೆಯಿಂದ ಆಚೆ ಬರುತ್ತದೆ. ಹೊರಬಂದ ಮೊನೆ ಮುರಿದು, ಉಳಿದದ್ದನ್ನು ಮಡಚಿ ಬಡಿಯುತ್ತೇವೆ.

ನಾನು ಕಣ್ಣಿಗಿಂತ ಕಿವಿಯನ್ನು ನಂಬುತ್ತೇನೆ. ಗಟ್ಟಿ ಗೊರಸಿನಲ್ಲಿ ಇಳಿಯುವ ಮೊಳೆಯ ಸದ್ದು ಖಣಖಣ ಏರುತ್ತದೆ, ಮೆತ್ತನೆ ಭಾಗ ಸಿಕ್ಕರೆ ಮಂಕಾಗುತ್ತದೆ. ಒಮ್ಮೆ ಮುಸ್ಸಂಜೆಯಲ್ಲಿ, ಕೊನೆಯ ಕಾಲು ಮುಗಿಸುವ ಆತುರದಲ್ಲಿ, ಆ ಮಂಕು ಸದ್ದು ಕೇಳಿಯೂ ಇನ್ನೊಂದು ಪೆಟ್ಟು ಹಾಕಿದೆ. ಕುದುರೆ ಕಾಲು ಸೆಳೆಯಿತು. ಕಿತ್ತ ಮೊಳೆಯ ತುದಿಯಲ್ಲಿ ರಕ್ತವಿತ್ತು. ಅಲ್ಲೇ ಮಾಲೀಕರಿಗೆ ಹೇಳಿದೆ, ತೂತಿಗೆ ಅಯೋಡಿನ್ ಬಿಟ್ಟು ಖಾಲಿ ಉಳಿಸಿದೆ, ಪಶುವೈದ್ಯರನ್ನು ಕರೆಸಿ ಧನುರ್ವಾಯುವಿನ ಚುಚ್ಚುಮದ್ದು ಕೊಡಿಸಿದೆವು. ಕುದುರೆಗಳಿಗೆ ಧನುರ್ವಾಯು ಬಹಳ ಸುಲಭವಾಗಿ ತಗಲುತ್ತದೆ. ಅಂದಿನಿಂದ ಬೆಳಕು ಕಡಿಮೆಯಾದರೆ ಮೂರು ಕಾಲಿಗೇ ನಿಲ್ಲಿಸಿ ಬೆಳಗ್ಗೆ ಬರುತ್ತೇನೆ. ಲಾಳ ಕಟ್ಟಿದ ಎರಡು ಮೂರು ದಿನದಲ್ಲಿ ಕುದುರೆ ಕುಂಟಿದರೆ, ಮೊಳೆ ಜೀವಕ್ಕೆ ತೀರ ಹತ್ತಿರ ಹೋಗಿರಬಹುದು. ಸಂಕೋಚಪಡದೆ ಕಟ್ಟಿದವರನ್ನೇ ಕರೆಯಿರಿ.

ಪ್ರಶ್ನೆ: ಗೊರಸು ಕೆರೆದಾಗ ಕಪ್ಪು ಕೊಳೆ ಬರುತ್ತದೆ, ಕೆಟ್ಟ ನಾತ. ಏನಿದು?

ಉತ್ತರ: ಅಂಗಾಲಿನ ನಡುವೆ ಮೂರು ಮೂಲೆಯ ರಬ್ಬರಿನಂಥ ಭಾಗವಿದೆಯಲ್ಲ, ಅದರ ಪಕ್ಕದ ಸಂದುಗಳು ಕೊಳೆಯುತ್ತಿವೆ. ಗಂಜಲ, ಲದ್ದಿಯಲ್ಲಿ ನಿಂತ ಕಾಲಿಗೆ ಹೀಗಾಗುತ್ತದೆ. ದಿನಾ ಕೆರೆದು ಒಣಗಿಸಿ, ನೆಲ ಒಣಗಿರಲಿ. ಔಷಧಿ ಆಮೇಲಿನ ಮಾತು. ಮುಟ್ಟಿದರೆ ಸೆಳೆದುಕೊಳ್ಳುವಷ್ಟು ಆಳಕ್ಕೆ ಹೋಗಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ರಾತ್ರಿ ಕುದುರೆ ಕಟ್ಟು ಬಿಚ್ಚಿಕೊಂಡು ಕಾಳಿನ ಚೀಲಕ್ಕೆ ಬಾಯಿ ಹಾಕಿದೆ. ಈಗ ಮುಂಗಾಲು ಮುಂದೆ ಚಾಚಿ, ಭಾರ ಹಿಂದಕ್ಕೆ ಹಾಕಿ ನಿಂತಿದೆ. ಲಾಳ ಬಿಗಿಯಾಯಿತೇ?

ಉತ್ತರ: ಈ ಪತ್ರ ಕೈಸೇರಿದ ಕೂಡಲೇ ಬರೆದವರಿಗೆ ಫೋನ್ ಮಾಡಿದೆ. ಉಳಿದವರಿಗೂ ತಿಳಿದಿರಲೆಂದು ಇಲ್ಲಿ ಬರೆಯುತ್ತಿದ್ದೇನೆ. ಇದು ಲಾಳದ ತಪ್ಪಲ್ಲ, ಅತಿಯಾಗಿ ಕಾಳು ತಿಂದಾಗ ಬರುವ ಗೊರಸಿನ ಕಾಯಿಲೆ ಲ್ಯಾಮಿನೈಟಿಸ್‌ನ ಲಕ್ಷಣ. ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿಟ್ಟ ಪದರಗಳು ಊದಿಕೊಂಡಿವೆ. ಅವು ಬಿಟ್ಟುಕೊಂಡರೆ ಮೂಳೆಯೇ ಕೆಳಕ್ಕೆ ತಿರುಗುತ್ತದೆ. ಗೊರಸು ಬಿಸಿಯಿರುತ್ತದೆ, ಗೆಣ್ಣಿನ ಹಿಂದೆ ಬೆರಳಿಟ್ಟರೆ ನಾಡಿ ಜೋರಾಗಿ ಹೊಡೆದುಕೊಳ್ಳುತ್ತದೆ. ಅಜೀರ್ಣ ಇಳಿಯಲೆಂದು ಕುದುರೆಯನ್ನು ನಡೆಸಬೇಡಿ. ಕಾಳು ದೂರವಿಡಿ, ಕಾಲ ಕೆಳಗೆ ದಪ್ಪಗೆ ಮೆತ್ತನೆಯ ಹುಲ್ಲು ಹಾಸಿ, ಗೊರಸುಗಳನ್ನು ಐಸ್ ನೀರಿನಲ್ಲಿಡಿ, ಪಶುವೈದ್ಯರನ್ನು ತಕ್ಷಣ ಕರೆಯಿರಿ. ಅವರು ಎಕ್ಸ್‌ರೇ ತೆಗೆದು ಮೂಳೆ ಎಷ್ಟು ವಾಲಿದೆ ಎಂದು ಹೇಳಿದ ಮೇಲೆಯೇ ನಾನು ಅರ ಕೈಗೆತ್ತಿಕೊಳ್ಳುತ್ತೇನೆ.