ವಿಶ್ವೇಶ್ವರಯ್ಯನವರ ಜೊತೆಗೆ ಇನ್ಯಾರು?

ಸೇತುವೆ ಕಟ್ಟುವ ಸಿವಿಲ್ ಇಂಜಿನಿಯರ್ ಆಗಬೇಕು, ಎಲ್ಲರೂ ವಿಶ್ವೇಶ್ವರಯ್ಯನವರ ಹೆಸರನ್ನೇ ಹೇಳುತ್ತಾರೆ, ಬೇರೆ ಯಾರನ್ನು ನೋಡಿ ಕಲಿಯಲಿ ಅಂತ ಕೇಳಿದ್ದೀರಿ. ಕಾಸರಗೋಡಿನ ಪ್ಲಸ್ ಟು ವಿದ್ಯಾರ್ಥಿ ಇಷ್ಟು ಯೋಚಿಸುವುದು ನೋಡಿ ಖುಷಿಯಾಯಿತು.

ವಿಶ್ವೇಶ್ವರಯ್ಯನವರನ್ನು ಬಿಡಬೇಡಿ. ಆದರೆ ಕನ್ನಂಬಾಡಿಗಿಂತ ಮೊದಲು ಪುಣೆ ಹತ್ತಿರದ ಖಡಕ್‌ವಾಸ್ಲಾದ ಬಗ್ಗೆ ಓದಿ. ನೀರು ಏರಿದಾಗ ತಾನಾಗಿ ತೆರೆದುಕೊಳ್ಳುವ ಗೇಟುಗಳನ್ನು ಅವರು 1903ರಲ್ಲಿ ಅಲ್ಲಿ ಕೂರಿಸಿದರು. ಕಟ್ಟೆ ಎತ್ತರಿಸದೆ ಜಾಸ್ತಿ ನೀರು ನಿಲ್ಲಿಸುವ ಉಪಾಯ ಅದು.

ನನಗೆ ಇನ್ನೂ ಹತ್ತಿರದವರು ಸುಳ್ಯದ ಗಿರೀಶ್ ಭಾರದ್ವಾಜ್. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಅದೇ ಹೊಳೆ ನಮ್ಮಲ್ಲಿಗೆ ಬಂದು ಚಂದ್ರಗಿರಿ ಆಗುತ್ತದೆ, ಅಲ್ವಾ? ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. ದೊಡ್ಡ ಸೇತುವೆ ಬರುವ ತನಕ ಕಾಯಲಾಗದ ಹಳ್ಳಿಗಳು ಮಳೆಗಾಲದಲ್ಲೂ ಹೊಳೆ ದಾಟುವಂತಾಯಿತು. 2017ರಲ್ಲಿ ಪದ್ಮಶ್ರೀ ಬಂತು. ಅಂದ ಹಾಗೆ, ಅವರು ಓದಿದ್ದು ಮೆಕ್ಯಾನಿಕಲ್! ಕೊಂಕಣ ರೈಲು ಹಾಕಿಸಿದ ಇ. ಶ್ರೀಧರನ್ ಅವರನ್ನೂ ಓದಿಕೊಳ್ಳಿ.

ಇನ್ನು ಕಾಲೇಜು. ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಇದೆ, ಅದಕ್ಕೆ ಕೇರಳದ ಪ್ರವೇಶ ಪರೀಕ್ಷೆ ಕೀಮ್ ಬರೆಯಬೇಕು. ಕರ್ನಾಟಕದ ಸಿಇಟಿಯಲ್ಲೂ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆ. ನಿಯಮಗಳನ್ನು ಈಗಲೇ ಓದಿಡಿ.

ಎಲ್ಲಿ ಸೇರಿದರೂ ಮಣ್ಣಿನ ಗುಣ, ಬಲ ಕಲಿಸುವ ಸಾಯಿಲ್ ಮೆಕ್ಯಾನಿಕ್ಸನ್ನು ಸುಮ್ನೆ ಪಾಸಾಗಲು ಓದಬೇಡಿ. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಕೆಂಪುಕಲ್ಲು, ಅದರ ಅಡಿಯಲ್ಲಿ ಹಲವು ಕಡೆ ಮೆತ್ತಗಿನ ಶೇಡಿಮಣ್ಣು. ನೆಟ್ಟಗೆ ಕಡಿದು ಬಿಟ್ಟರೆ ಮಳೆನೀರು ಇಳಿದು ಜಾರುತ್ತದೆ. ಈ ಮಣ್ಣು ಚೆನ್ನಾಗಿ ಗೊತ್ತಿರುವ ಇಂಜಿನಿಯರ್‌ಗಳು ನಮ್ಮ ಜಿಲ್ಲೆಗೆ ತುಂಬಾ ಬೇಕು.