ಭತ್ತದ ದುಂಡಾಣು ಅಂಗಮಾರಿ: ಬ್ಯಾಕ್ಟೀರಿಯಾ ಗಿಡದೊಳಗೆ ಮಾಡುವುದೇನು?

ಮಂಡ್ಯದ ನಾಲೆ ಬಯಲಿನಲ್ಲಿ ಭತ್ತದ ಎಲೆ ತುದಿಯಿಂದ ಒಣಗುವುದು ಯಾಕೆ ಅಂತ ಕೇಳಿದ್ದೀರಿ. ಇದು ಕ್ಸಾಂತೊಮೊನಾಸ್ ಒರೈಜೆ ಎಂಬ ಬ್ಯಾಕ್ಟೀರಿಯಾದ ಕೆಲಸ. ಎಲೆಯಂಚಿನ ರಂಧ್ರ ಅಥವಾ ಗಾಯದ ಮೂಲಕ ನುಗ್ಗಿ, ನೀರು ಸಾಗುವ ನಾಳದಲ್ಲಿ ನೆಲೆಸುತ್ತದೆ. ಅಲ್ಲಿಂದ ಸೂಜಿಯಂಥ ರಚನೆಯಿಂದ ಎಫೆಕ್ಟರ್ ಪ್ರೋಟೀನುಗಳನ್ನು ಗಿಡದ ಜೀವಕೋಶಕ್ಕೆ ಚುಚ್ಚುತ್ತದೆ. ಈ ಪ್ರೋಟೀನುಗಳಲ್ಲಿ ಕೆಲವು, ಗಿಡದ ರಕ್ಷಣೆಯನ್ನು ತಡೆಯುತ್ತವೆ. ಟೇಲ್ ಗುಂಪಿನವು ಇನ್ನೂ ಚಾಲಾಕಿ. ಅವು ನೇರ ನ್ಯೂಕ್ಲಿಯಸ್‌ಗೆ ಹೋಗಿ, ಡಿಎನ್‌ಎ ಮೇಲೆ ಕೂತು, ಸಕ್ಕರೆ ಹೊರಬಿಡುವ ಸ್ವೀಟ್ ಜೀನ್‌ಗಳನ್ನು ಆನ್ ಮಾಡುತ್ತವೆ. ಗಿಡವೇ ರೋಗಾಣುವಿಗೆ ಊಟ ಹಾಕಿದಂತಾಯ್ತು ಅಲ್ವಾ! ಎಕ್ಸ್‌ಎ13 ಎಂಬ ರೋಗನಿರೋಧಕ ಜೀನ್ ಇರುವ ತಳಿಗಳಲ್ಲಿ ಅಂಥ ಒಂದು ಪ್ರೋಟೀನ್ ಕೂರುವ ಜಾಗವೇ ಬದಲಾಗಿರುತ್ತದೆ, ಹಾಗಾಗಿ ಅದು ಆ ಸ್ವೀಟ್ ಜೀನನ್ನು ಆನ್ ಮಾಡಲಾಗದು. 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿಯಲ್ಲಿ ಅದರ ಜೊತೆ ಎಕ್ಸ್‌ಎ5, ಎಕ್ಸ್‌ಎ21 ಎಂಬ ನಿರೋಧಕ ಜೀನ್‌ಗಳೂ ಇವೆ. ರೋಗ ಹೆಚ್ಚದಂತೆ ದಯವಿಟ್ಟು ಯೂರಿಯಾ ಜಾಸ್ತಿ ಹಾಕಬೇಡಿ, ನಾಟಿಯಲ್ಲಿ ಪೈರಿನ ತುದಿ ಕತ್ತರಿಸಬೇಡಿ.